ಗಂಡು ಪತಂಗ ಬಲೆಗೆ ಬೀಳುವುದು ನಡುರಾತ್ರಿ ದಾಟಿದ ಮೇಲೆಯೇ ಏಕೆ?

ಪ್ರಶ್ನೆ: ಮಾನ್ವಿ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಎರೆಹೊಲ. ಹತ್ತಿಗೆ ಗುಲಾಬಿ ಕಾಯಿಕೊರಕದ ಕಾಟವಿರುವುದರಿಂದ, ಹೆಣ್ಣಿನ ವಾಸನೆಯಿಂದ ಅದರ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಕಟ್ಟಿದ್ದೇವೆ. ತ್ರೀಫೇಸ್ ಕರೆಂಟು ರಾತ್ರಿ ಬರುವ ಕಾರಣ ನೀರು ಕಟ್ಟಲು ಹೋದಾಗಲೆಲ್ಲ ಬಲೆಗಳನ್ನು ನೋಡುತ್ತೇನೆ. ರಾತ್ರಿ ಒಂಬತ್ತು, ಹತ್ತು ಗಂಟೆಗೆ ಬಲೆ ಖಾಲಿ ಇರುತ್ತದೆ. ಮೂರು ಗಂಟೆಯ ಸುಮಾರಿಗೆ ಹೋದರೆ ಪತಂಗಗಳು ಬಿದ್ದಿರುತ್ತವೆ. ಕತ್ತಲೆ ಏಳು ಗಂಟೆಗೇ ಆಗಿರುವಾಗ ಅವು ಅಷ್ಟು ಹೊತ್ತು ಕಾಯುವುದೇಕೆ? ಚಳಿಗಾಲದಲ್ಲಿ ಸ್ವಲ್ಪ ಮುಂಚೆಯೇ ಬೀಳತೊಡಗಿದಂತೆ ಕಂಡಿತು, ಅದಕ್ಕೇನು ಕಾರಣ? ಹೊಲದಲ್ಲಿ ರಾತ್ರಿಯಿಡೀ ದೀಪ ಹಾಕಿದರೆ ಅವುಗಳ ಕೂಡುವಿಕೆ ತಪ್ಪುತ್ತದೆಯೇ?

ಉತ್ತರ: ನೀವು ನೀರು ಕಟ್ಟುತ್ತ ಗಮನಿಸಿದ ಸಂಗತಿ ಕೀಟಶಾಸ್ತ್ರದ ಒಂದು ದೊಡ್ಡ ಪ್ರಶ್ನೆಯೇ ಆಗಿದೆ. ಅದಕ್ಕಿಂತ ಹೆಚ್ಚಾಗಿ, ಇದೇ ಗುಲಾಬಿ ಕಾಯಿಕೊರಕವನ್ನು ಪ್ರಯೋಗಾಲಯದಲ್ಲಿ ಸಾಕಿ, ಅದರ ಒಳಗಿನ ಗಡಿಯಾರವನ್ನು ಅರಿಯಲು 1960ರ ದಶಕದಲ್ಲಿ ಅಮೆರಿಕದ ಕಾಲಿನ್ ಪಿಟೆಂಡ್ರಿ ಮತ್ತು ಅವರ ಸಹೋದ್ಯೋಗಿ ಮಿನಿಸ್ ಅವರು ವರ್ಷಗಟ್ಟಲೆ ದುಡಿದಿದ್ದಾರೆ. ನಮ್ಮ ಜಿಲ್ಲೆಯ ರೈತರು ಶತ್ರುವೆಂದು ಬಲ್ಲ ಈ ಹುಳು ಜೈವಿಕ ಗಡಿಯಾರದ ಅಧ್ಯಯನದಲ್ಲಿ ಗೌರವದ ಸ್ಥಾನ ಪಡೆದಿದೆ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಇಷ್ಟು: ಪತಂಗ ಕತ್ತಲೆಗಾಗಿ ಕಾಯುತ್ತಿಲ್ಲ, ತನ್ನ ಮೈಯೊಳಗಿನ ಗಡಿಯಾರ ತೋರಿಸುವ ಹೊತ್ತಿಗಾಗಿ ಕಾಯುತ್ತದೆ. ಆ ಗಡಿಯಾರವನ್ನು ನಡೆಸುವುದು ಕೆಲವೇ ವಂಶವಾಹಿಗಳು. ಹೊರಗಿನ ಬೆಳಕು ಪ್ರತಿದಿನ ಅದರ ಮುಳ್ಳನ್ನು ಸರಿಪಡಿಸುತ್ತದೆಯೇ ಹೊರತು ಅದನ್ನು ಓಡಿಸುವುದಿಲ್ಲ.

ಹೊಲದಲ್ಲಿ ಆಗುವುದನ್ನು ಮೊದಲು ಹೇಳುತ್ತೇನೆ. ರಾಯಚೂರಿನ ಹತ್ತಿರದ ಹತ್ತಿ ಹೊಲವೊಂದರಲ್ಲಿ ವಿದ್ಯಾರ್ಥಿಗಳೊಡನೆ ರಾತ್ರಿ ಕಳೆದಾಗ, ಬ್ಯಾಟರಿಯ ಗಾಜಿಗೆ ಕೆಂಪು ಕಾಗದ ಕಟ್ಟಿಕೊಂಡು ಗಿಡಗಳನ್ನು ನೋಡುತ್ತಿದ್ದೆವು; ಕೆಂಪು ಬೆಳಕು ಪತಂಗದ ಕಣ್ಣಿಗೆ ಅಷ್ಟಾಗಿ ತಾಗುವುದಿಲ್ಲ. ನಡುರಾತ್ರಿಯವರೆಗೆ ಹೆಣ್ಣು ಪತಂಗ ಎಲೆಗೆ ಅಂಟಿಕೊಂಡು ಒಣಗಿದ ಸಿಪ್ಪೆಯ ಚೂರಿನಂತೆ ಸುಮ್ಮನಿತ್ತು. ಆಮೇಲೆ ಯಾವ ಗಾಳಿಯೂ ಬೀಸದೆ, ಯಾವ ಸದ್ದೂ ಆಗದೆ, ಅದು ತಾನಾಗಿ ಗಿಡದ ತುದಿಯ ಕಡೆಗೆ ಸರಿಯಿತು, ರೆಕ್ಕೆಯನ್ನು ತುಸು ಎತ್ತಿತು, ಹೊಟ್ಟೆಯ ತುದಿಯನ್ನು ಹೊರಚಾಚಿತು. ಆ ತುದಿಯಲ್ಲಿರುವ ಗ್ರಂಥಿಯಿಂದ ಹೊಮ್ಮುವ ವಾಸನೆಯೇ ಗಂಡಿಗೆ ಕರೆ. ನಿಮ್ಮ ಬಲೆಯ ಲ್ಯೂರಿನಲ್ಲಿ, ಅಂದರೆ ಸೆಳೆಯಲು ಇಡುವ ವಾಸನೆಯ ತುಣುಕಿನಲ್ಲಿ, ಇರುವುದು ಅದರ ಕೃತಕ ರೂಪ: 1973ರಲ್ಲಿ ಗುರುತಿಸಲಾದ ಗಾಸಿಪ್ಲೂರ್, ಎರಡು ಸಂಯುಕ್ತಗಳ ಹೆಚ್ಚುಕಡಿಮೆ ಸಮಪಾಲಿನ ಮಿಶ್ರಣ. ಲ್ಯೂರು ಸಂಜೆಯಿಂದಲೇ, ಅಷ್ಟೇಕೆ ಹಗಲಿಡೀ ವಾಸನೆ ಬಿಡುತ್ತಿರುತ್ತದೆ. ಆದರೂ ಒಂಬತ್ತು ಗಂಟೆಗೆ ಬಲೆ ಖಾಲಿ ಇರುತ್ತದೆಯಲ್ಲ, ಅದೇ ಇಲ್ಲಿ ಮುಖ್ಯ. ಹೆಣ್ಣು ಕರೆಯುವ ಹೊತ್ತು ಹೇಗೆ ನಿಗದಿಯಾಗಿದೆಯೋ ಹಾಗೆಯೇ ಗಂಡು ಆ ಕರೆಗೆ ಓಗೊಡುವ ಹೊತ್ತೂ ನಿಗದಿಯಾಗಿದೆ. ವಾಸನೆ ಗಾಳಿಯಲ್ಲಿದ್ದರೂ ಹೊತ್ತಾಗದೆ ಗಂಡು ಮೇಲೇಳುವುದಿಲ್ಲ. ಪತಂಗಗಳ ಮೀಸೆಯಲ್ಲಿಯೇ, ಅಂದರೆ ವಾಸನೆ ಹಿಡಿಯುವ ಅಂಗದಲ್ಲಿಯೇ, ಗಡಿಯಾರದ ವಂಶವಾಹಿಗಳು ಏರಿಳಿಯುವುದನ್ನು ಹತ್ತಿ ಎಲೆ ತಿನ್ನುವ ಸ್ಪೊಡಾಪ್ಟೆರಾ ಜಾತಿಯ ಗಂಡುಗಳಲ್ಲಿ ಕಂಡಿದ್ದಾರೆ.

ಇದು ಕತ್ತಲೆಯ ಪರಿಣಾಮವಲ್ಲ, ಒಳಗಿನ ಗಡಿಯಾರದ್ದೇ ಎಂದು ಹೇಗೆ ಖಚಿತವಾಗಿ ಹೇಳುವುದು? ಪತಂಗಗಳನ್ನು ಸತತ ಕತ್ತಲೆಯಲ್ಲಿ, ಒಂದೇ ಉಷ್ಣತೆಯಲ್ಲಿ ಇಟ್ಟರೂ ಹಲವು ಜಾತಿಗಳ ಹೆಣ್ಣುಗಳು ಕೆಲವು ದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರೆಯುತ್ತಲೇ ಇರುತ್ತವೆ. ಇದಕ್ಕಿಂತ ಬೆರಗಿನ ಸಾಕ್ಷ್ಯವನ್ನು 1970ರಲ್ಲಿ ಟ್ರೂಮನ್ ಮತ್ತು ರಿಡಿಫೋರ್ಡ್ ಕೊಟ್ಟರು. ಅವರು ಆರಿಸಿಕೊಂಡದ್ದು ದೊಡ್ಡ ರೇಷ್ಮೆ ಪತಂಗಗಳ ಎರಡು ಜಾತಿಗಳನ್ನು. ಒಂದು ಜಾತಿ ಬೆಳಿಗ್ಗೆ ಗೂಡಿನಿಂದ ಹೊರಬರುತ್ತದೆ, ಇನ್ನೊಂದು ಇಳಿಹೊತ್ತಿನಲ್ಲಿ. ಕೋಶಾವಸ್ಥೆಯಲ್ಲಿದ್ದಾಗ ಮೆದುಳನ್ನು ತೆಗೆದುಹಾಕಿದರೆ ಪತಂಗ ಹೊರಬರುವುದೇನೋ ಹೌದು, ಆದರೆ ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ತೆಗೆದ ಮೆದುಳನ್ನು ಅದೇ ಹುಳುವಿನ ಹೊಟ್ಟೆಯ ಭಾಗದಲ್ಲಿ ಇರಿಸಿದರೆ, ಯಾವ ನರದ ಸಂಪರ್ಕವೂ ಇಲ್ಲದೆ, ಮತ್ತೆ ಸರಿಯಾದ ಹೊತ್ತಿಗೆ ಬರುತ್ತಿತ್ತು. ಒಂದು ಜಾತಿಯ ಮೆದುಳನ್ನು ಇನ್ನೊಂದಕ್ಕೆ ಕೂಡಿಸಿದಾಗ ಅದು ಹೊರಬಂದದ್ದು ಮೆದುಳು ಕೊಟ್ಟ ಜಾತಿಯ ಹೊತ್ತಿಗೆ. ಮೈ ಒಬ್ಬರದು, ಹೊತ್ತು ಇನ್ನೊಬ್ಬರದು. ಹೊತ್ತೆಂಬುದು ಜಾತಿಗೆ ಸೇರಿದ ಸ್ವತ್ತು, ಅದನ್ನು ಒಂದು ಮೈಯಿಂದ ಇನ್ನೊಂದಕ್ಕೆ ಸಾಗಿಸಬಹುದು ಎಂಬುದು ಇದರಿಂದ ತಿಳಿಯಿತು.

ಸ್ವತ್ತು ಎಂದ ಮೇಲೆ ಅದು ಪೀಳಿಗೆಯಿಂದ ಪೀಳಿಗೆಗೆ ಬರಬೇಕಲ್ಲ. 1971ರಲ್ಲಿ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಜರ್ ಡ್ರಾಸೊಫಿಲಾ ನೊಣದಲ್ಲಿ, ಅಂದರೆ ಬಾಳೆಹಣ್ಣು ಕಳಿತಾಗ ಮುತ್ತುವ ಪುಟ್ಟ ನೊಣದಲ್ಲಿ, ಮೂರು ವಿಚಿತ್ರ ತಳಿಗಳನ್ನು ಕಂಡುಹಿಡಿದರು. ಒಂದರ ದಿನ ಸುಮಾರು 19 ಗಂಟೆ, ಇನ್ನೊಂದರದು ಸುಮಾರು 28 ಗಂಟೆ, ಮೂರನೆಯದಕ್ಕೆ ದಿನವೆಂಬುದೇ ಇಲ್ಲ. ಮೂರೂ ಒಂದೇ ವಂಶವಾಹಿಯಲ್ಲಿ ಆದ ಬದಲಾವಣೆಗಳು ಎಂದು ತಿಳಿದುಬಂತು. ಅದಕ್ಕೆ ಪೀರಿಯಡ್ ಎಂದು ಹೆಸರಿಟ್ಟರು. ಮುಂದೆ ಟೈಮ್‌ಲೆಸ್, ಕ್ಲಾಕ್, ಸೈಕಲ್ ಎಂಬ ವಂಶವಾಹಿಗಳು ಸಿಕ್ಕವು. ಈ ಯಂತ್ರದ ಕೆಲಸವನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂದಿತು.

ಯಂತ್ರದ ಕೆಲಸ ನಿಮಗೆ ಹೊಸದೇನಲ್ಲ. ಮೇಲಿನ ತೊಟ್ಟಿ ತುಂಬಿದಾಗ ತೇಲುಬುರುಡೆ ಎದ್ದು ಮೋಟರನ್ನು ನಿಲ್ಲಿಸುತ್ತದೆ. ನೀರು ಖರ್ಚಾಗಿ ಬುರುಡೆ ಇಳಿದರೆ ಮೋಟರು ಮತ್ತೆ ಶುರುವಾಗುತ್ತದೆ. ಜೀವಕೋಶದೊಳಗೂ ಹೀಗೆಯೇ. ಕ್ಲಾಕ್ ಮತ್ತು ಸೈಕಲ್ ಎಂಬ ಎರಡು ಪ್ರೋಟೀನುಗಳು ಜೊತೆಗೂಡಿ ಪೀರಿಯಡ್ ಮತ್ತು ಟೈಮ್‌ಲೆಸ್ ವಂಶವಾಹಿಗಳನ್ನು ಎಬ್ಬಿಸುತ್ತವೆ. ಅವುಗಳಿಂದ ಹುಟ್ಟಿದ ಪ್ರೋಟೀನುಗಳು ನಿಧಾನವಾಗಿ ಶೇಖರವಾಗಿ, ರಾತ್ರಿಯ ಹೊತ್ತಿಗೆ ಕೋಶಕೇಂದ್ರವನ್ನು ಹೊಕ್ಕು, ತಮ್ಮನ್ನು ಹುಟ್ಟಿಸಿದ ಕ್ಲಾಕ್ ಮತ್ತು ಸೈಕಲ್ ಜೋಡಿಯನ್ನೇ ತಡೆಯುತ್ತವೆ. ಆಮೇಲೆ ಅವು ಕರಗುತ್ತವೆ, ತಡೆ ಹೋಗುತ್ತದೆ, ಮತ್ತೆ ಮೊದಲಿನಿಂದ ನಡೆಯುತ್ತದೆ. ಈ ಒಂದು ಸುತ್ತಿಗೆ ಸುಮಾರು 24 ಗಂಟೆ ಹಿಡಿಯುತ್ತದೆ. ಡ್ರಾಸೊಫಿಲಾದಲ್ಲಿ ಬೆಳಗಿನ ಬೆಳಕು ಬಿದ್ದಾಗ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನು ಟೈಮ್‌ಲೆಸ್ ಪ್ರೋಟೀನನ್ನು ಕರಗಿಸಿ ಗಡಿಯಾರವನ್ನು ಆ ದಿನದ ಮಟ್ಟಿಗೆ ಸರಿಪಡಿಸುತ್ತದೆ. ಮೊನಾರ್ಕ್ ಚಿಟ್ಟೆಯಲ್ಲಿ ನಡೆದ ಅಧ್ಯಯನಗಳಿಂದ ಗೊತ್ತಾದಂತೆ, ಚಿಟ್ಟೆ ಪತಂಗಗಳ ಗುಂಪಿನಲ್ಲಿ ಇನ್ನೊಂದು ಬಗೆಯ ಕ್ರಿಪ್ಟೊಕ್ರೋಮ್ ಕೂಡ ಇದ್ದು, ತಡೆಯುವ ಕೆಲಸದ ಮುಖ್ಯ ಹೊಣೆ ಅದರದ್ದೇ. ಇಲ್ಲೊಂದು ಗೊಂದಲವನ್ನು ಬಗೆಹರಿಸಬೇಕು: ಕ್ರಿಪ್ಟೊಕ್ರೋಮನ್ನು ಚಿಕ್ಕದಾಗಿ ‘ಕ್ರೈ’ ಎಂದು ಬರೆಯುತ್ತಾರೆ, ಬಿಟಿ ಹತ್ತಿಯಲ್ಲಿರುವ ವಿಷಕಾರಿ ಪ್ರೋಟೀನಿಗೂ ಅದೇ ಅಕ್ಷರಗಳು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ.

ಈ ವಂಶವಾಹಿಗಳು ಕೂಡುವ ಹೊತ್ತನ್ನು ನಿಜಕ್ಕೂ ಆಳುತ್ತವೆಯೇ? 2001ರಲ್ಲಿ ಜಪಾನಿನ ಸಕಾಯಿ ಮತ್ತು ಇಶಿದಾ ಡ್ರಾಸೊಫಿಲಾದಲ್ಲಿ ಇದನ್ನು ಪರೀಕ್ಷಿಸಿದರು. ಸಹಜ ನೊಣಗಳಲ್ಲಿ ಕೂಡುವಿಕೆ ದಿನದ ಕೆಲವು ಹೊತ್ತಿನಲ್ಲಿ ಹೆಚ್ಚಿ, ಕೆಲವು ಹೊತ್ತಿನಲ್ಲಿ ಇಳಿಯುತ್ತಿತ್ತು. ಪೀರಿಯಡ್ ಅಥವಾ ಟೈಮ್‌ಲೆಸ್ ಕೆಟ್ಟ ನೊಣಗಳಲ್ಲಿ ಈ ಏರಿಳಿತವೇ ಇರಲಿಲ್ಲ. ಇನ್ನೂ ಗಮನಿಸಬೇಕಾದದ್ದು, ಆ ಲಯವನ್ನು ಗೊತ್ತುಮಾಡುತ್ತಿದ್ದದ್ದು ಹೆಣ್ಣಿನ ಗಡಿಯಾರ. 2003ರಲ್ಲಿ ಕಿರಿಯಾಕೂ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಜಾತಿಯ ಡ್ರಾಸೊಫಿಲಾದ ಪೀರಿಯಡ್ ವಂಶವಾಹಿಯನ್ನು ಇನ್ನೊಂದು ಜಾತಿಗೆ ಸೇರಿಸಿದಾಗ ಕೂಡುವ ಹೊತ್ತೂ ಅದರ ಜೊತೆ ಸರಿಯಿತು. ರೇಷ್ಮೆ ಪತಂಗದಲ್ಲಿ ಮೆದುಳು ಮಾಡಿದ ಕೆಲಸವನ್ನು ಇಲ್ಲಿ ಒಂದೇ ಒಂದು ವಂಶವಾಹಿ ಮಾಡಿತು. ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟ ಪ್ರಯೋಗ ಇದು.

ಪತಂಗದಲ್ಲಿ ಗಡಿಯಾರದ ಮಾತು ಗ್ರಂಥಿಗೆ ಮುಟ್ಟುವ ದಾರಿಯೂ ಸಾಕಷ್ಟು ತಿಳಿದಿದೆ. ನಮ್ಮ ತೊಗರಿಯ ಕಾಯಿಕೊರಕದ ಹತ್ತಿರದ ಸಂಬಂಧಿಯಾದ ಅಮೆರಿಕದ ಮೆಕ್ಕೆಜೋಳದ ತೆನೆಕೊರಕದಲ್ಲಿ, ಹೆಣ್ಣಿನ ತಲೆಯಿಂದ ಬರುವ ಒಂದು ರಸದೂತವಿಲ್ಲದೆ (ಹಾರ್ಮೋನ್ ಇಲ್ಲದೆ) ವಾಸನೆಯೇ ತಯಾರಾಗುವುದಿಲ್ಲ ಎಂದು ಅಶೋಕ್ ರೈನಾ ಮತ್ತು ಕ್ಲುನ್ 1984ರಲ್ಲಿ ತೋರಿಸಿದರು. 33 ಅಮೈನೊ ಆಮ್ಲಗಳ ಆ ಪುಟ್ಟ ಪ್ರೋಟೀನಿನ ರಚನೆ 1989ರಲ್ಲಿ ಬಯಲಾಯಿತು. ಹೊತ್ತಾದಾಗ ಅದು ರಕ್ತಕ್ಕೆ ಬಿಡುಗಡೆಯಾಗುತ್ತದೆ, ಹೊಟ್ಟೆಯ ತುದಿಯ ಗ್ರಂಥಿ ವಾಸನೆ ಮಾಡತೊಡಗುತ್ತದೆ. ಹೆಣ್ಣು ಒಮ್ಮೆ ಕೂಡಿದರೆ ಆ ರಾತ್ರಿಯ ಮಟ್ಟಿಗೆ ತಯಾರಿಕೆ ನಿಲ್ಲುತ್ತದೆ.

ಗಂಡಿನ ಕಡೆಯ ವಿಚಾರ ಇನ್ನೂ ಸ್ವಾರಸ್ಯವಾಗಿದೆ, ಏಕೆಂದರೆ ಅಲ್ಲಿ ಗಡಿಯಾರ ಮೆದುಳಿಗೆ ಮಾತ್ರ ಸೀಮಿತವಲ್ಲ. ಜಿಪ್ಸಿ ಪತಂಗದ ವೃಷಣದಲ್ಲಿ ತಯಾರಾದ ವೀರ್ಯಾಣುಗಳು ಯಾವಾಗ ಬೇಕಾದರೆ ಆವಾಗ ಹೊರಬರುವುದಿಲ್ಲ. ಅವು ಸಂಜೆಯ ಹೊತ್ತಿಗೆ ವೃಷಣದಿಂದ ನಾಳಕ್ಕೆ ಇಳಿಯುತ್ತವೆ, ರಾತ್ರಿಯಿಡೀ ಅಲ್ಲೇ ಇದ್ದು ಮಾಗಿ, ಬೆಳಿಗ್ಗೆ ಮುಂದಿನ ಚೀಲಕ್ಕೆ ಸಾಗುತ್ತವೆ. 1989ರಲ್ಲಿ ಗೀಬುಲ್ಟೊವಿಚ್ ಮತ್ತು ಸಂಗಡಿಗರು ವೃಷಣ ಮತ್ತು ನಾಳವನ್ನು ಮೈಯಿಂದ ಬೇರ್ಪಡಿಸಿ ಗಾಜಿನ ಬಟ್ಟಲಿನ ಪೋಷಕದ್ರವದಲ್ಲಿ ಇರಿಸಿದರು. ತಲೆಯಿಲ್ಲ, ಮೆದುಳಿಲ್ಲ, ರಕ್ತದ ಹರಿವಿಲ್ಲ. ಆದರೂ ಆ ತುಣುಕು ಹೊತ್ತಿಗೆ ಸರಿಯಾಗಿ ವೀರ್ಯಾಣು ಬಿಡುತ್ತಿತ್ತು, ಅಷ್ಟೇ ಅಲ್ಲ, ತನ್ನ ಮೇಲೆ ಬಿದ್ದ ಬೆಳಕು ಕತ್ತಲೆಗಳಿಗೆ ತಾನೇ ಹೊಂದಿಕೊಳ್ಳುತ್ತಿತ್ತು. ವೃಷಣದ ಭಾಗಕ್ಕೂ ತನ್ನದೇ ಗಡಿಯಾರವಿದೆ, ಬೆಳಕನ್ನು ಅರಿಯುವ ಶಕ್ತಿಯೂ ಇದೆ ಎಂದಾಯಿತು. ಈ ಲಯ ತಪ್ಪಿದರೆ ನಷ್ಟ ಸಣ್ಣದಲ್ಲ. ಗಡಿಯಾರದ ವಂಶವಾಹಿಗಳು ಕೆಟ್ಟ ಡ್ರಾಸೊಫಿಲಾ ಜೋಡಿಗಳು ಒಂದು ಸಲ ಕೂಡಿದಾಗ ಹುಟ್ಟಿದ ಮರಿಗಳು ಸಹಜ ಜೋಡಿಗಳಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಎಂದು 2002ರಲ್ಲಿ ವರದಿಯಾಯಿತು.

ಮೊಟ್ಟೆಯ ವಿಷಯದಲ್ಲಿ ಮತ್ತೆ ನಮ್ಮ ಗುಲಾಬಿ ಹುಳುವಿಗೇ ಬರಬೇಕು. ಅದರ ಮೊಟ್ಟೆಗಳು ದಿನದ ಒಂದು ಗೊತ್ತಾದ ಹೊತ್ತಿಗೆ ಒಟ್ಟಾಗಿ ಒಡೆಯುತ್ತವೆ. ಮಿನಿಸ್ ಮತ್ತು ಪಿಟೆಂಡ್ರಿ 1968ರಲ್ಲಿ ತೋರಿಸಿದಂತೆ, ಇಟ್ಟಾಗಿನಿಂದ ಪೂರಾ ಕತ್ತಲೆಯಲ್ಲಿರಿಸಿದ ಮೊಟ್ಟೆಗಳು ಹೇಗೆಂದರೆ ಹಾಗೆ ಒಡೆಯುತ್ತವೆ. ಮೊಟ್ಟೆಯ ಬೆಳವಣಿಗೆ ಅರ್ಧ ದಾರಿಗೆ ಬರುವ ಮುಂಚೆ ಬೆಳಕು ತೋರಿಸಿದರೆ ಏನೂ ಆಗುವುದಿಲ್ಲ, ಅರ್ಧ ದಾಟಿದ ಮೇಲೆ ತೋರಿಸಿದರೆ ಎಲ್ಲವೂ ಹೊತ್ತಿಗೆ ಹೊಂದಿಕೊಳ್ಳುತ್ತವೆ. ಅಂದರೆ ಹುಳುವಿನ ಗಡಿಯಾರ ಮೊಟ್ಟೆಯ ನಡುಪ್ರಾಯದಲ್ಲೇ ಕೂಡಿಕೊಂಡು ಓಡತೊಡಗುತ್ತದೆ. ಹೊರಗೆ ಬರುವ ಮರಿಗೆ ಹೊತ್ತು ಆಗಲೇ ಗೊತ್ತಿರುತ್ತದೆ.

ಇಷ್ಟೆಲ್ಲ ಏರ್ಪಾಡು ಏಕೆ ಎಂದು ಕೇಳಬಹುದು. ಗಂಡು ಹೆಣ್ಣು ಒಂದೇ ಹೊತ್ತಿಗೆ ಸಿದ್ಧವಾಗಬೇಕು, ಬೇರೆ ಜಾತಿಯವುಗಳೊಡನೆ ಕಲಬೆರಕೆಯಾಗಬಾರದು. ಜೇನಿನಲ್ಲಿ ಇದನ್ನು ಸುಲಭವಾಗಿ ಕಾಣಬಹುದು: ಶ್ರೀಲಂಕಾದಲ್ಲಿ ಗಮನಿಸಿದಂತೆ ಕೋಲುಜೇನಿನ ಗಂಡುಗಳು ಮಧ್ಯಾಹ್ನ, ತುಡುವೆಯವು ಸಂಜೆಗೆ ಮುಂಚೆ, ಹೆಜ್ಜೇನಿನವು ಮುಸ್ಸಂಜೆಯಲ್ಲಿ ರಾಣಿಯನ್ನು ಅರಸಿ ಹಾರುತ್ತವೆ. ಆಕಾಶ ಒಂದೇ, ಸರದಿ ಬೇರೆ. ನಮ್ಮ ಕೊಪ್ಪಳ, ಬಳ್ಳಾರಿ ಕಡೆಯ ಮೆಕ್ಕೆಜೋಳಕ್ಕೆ 2018ರಿಂದ ಗಂಟುಬಿದ್ದಿರುವ ಫಾಲ್ ಸೈನಿಕ ಹುಳುವಿನ ತವರಾದ ಅಮೆರಿಕ ಖಂಡದಲ್ಲಿ ಅದರ ಎರಡು ಬಳಗಗಳಿವೆ. ಒಂದು ರಾತ್ರಿಯ ಮೊದಲ ಭಾಗದಲ್ಲಿ ಕೂಡುತ್ತದೆ, ಇನ್ನೊಂದು ಕೊನೆಯ ಭಾಗದಲ್ಲಿ. ಈ ವ್ಯತ್ಯಾಸದ ಜಾಡು ಹಿಡಿದು ಹೋದ ಸಂಶೋಧಕರು 2017ರಲ್ಲಿ ವ್ರಿಲ್ ಎಂಬ ಗಡಿಯಾರದ ವಂಶವಾಹಿಯನ್ನು ಪ್ರಮುಖ ಕಾರಣವೆಂದು ಶಂಕಿಸಿದರು.

ಈಗ ಚಳಿಗಾಲದ ಪ್ರಶ್ನೆ. ಚಳಿಗೆ ಮೈ ಮರಗಟ್ಟುವಂತೆ ಗಡಿಯಾರವೂ ನಿಧಾನವಾಗಬೇಕಲ್ಲ, ಹಾಗಾದರೆ ಪತಂಗ ತಡವಾಗಿ ಬರಬೇಕಿತ್ತು, ಮುಂಚೆ ಏಕೆ ಬಂತು ಎಂದು ನಿಮಗೆ ಅನ್ನಿಸಿರಬಹುದು. ಕೀಟದ ಗಡಿಯಾರಕ್ಕೆ ಒಂದು ವಿಶೇಷ ಗುಣವಿದೆ: ಉಷ್ಣತೆ ಏರಲಿ ಇಳಿಯಲಿ, ಅದರ ಸುತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪಿಟೆಂಡ್ರಿಯವರು ಇದನ್ನು ಡ್ರಾಸೊಫಿಲಾದಲ್ಲಿ 1954ರಲ್ಲಿಯೇ ತೋರಿಸಿದ್ದರು. ಚಳಿಗೆ ಬದಲಾಗುವುದು ಗಡಿಯಾರವಲ್ಲ, ಗಡಿಯಾರ ನೋಡಿ ಮಾಡುವ ಕೆಲಸದ ವೇಳೆ. ಮಾಗಿಯ ರಾತ್ರಿ ಮೂರು ಗಂಟೆಗೆ ಗಾಳಿ ತಣ್ಣಗಾಗಿ ಪತಂಗಕ್ಕೆ ರೆಕ್ಕೆ ಬಡಿಯುವುದೇ ಕಷ್ಟ. ಆದುದರಿಂದ ರಾತ್ರಿ ತಂಪಾದಂತೆ ಅನೇಕ ಜಾತಿಯ ಪತಂಗಗಳು ಕರೆಯುವ ಮತ್ತು ಹಾರುವ ಹೊತ್ತನ್ನು ಹಿಂದಕ್ಕೆ, ಅಂದರೆ ಸಂಜೆಯ ಕಡೆಗೆ, ಸರಿಸಿಕೊಳ್ಳುತ್ತವೆ. ನೀವು ಕಂಡದ್ದು ಅದೇ, ನಿಮ್ಮ ಕಣ್ಣು ತಪ್ಪಿಲ್ಲ.

ದೀಪದ ವಿಚಾರಕ್ಕೆ ಬಂದರೆ, ನಿಮ್ಮ ಯೋಚನೆಯಲ್ಲಿ ಹುರುಳಿದೆ, ಆದರೂ ಹೊಲದಲ್ಲಿ ಇದನ್ನು ಮಾಡಬೇಡಿ ಎಂದೇ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಹಗಲು ರಾತ್ರಿ ಬೆಳಕಿನಲ್ಲೇ ಸಾಕಿದ ಹಿಟ್ಟಿನ ಪತಂಗದ ಗಂಡುಗಳು, ವೀರ್ಯಾಣು ಬಿಡುಗಡೆಯ ಲಯ ಕೆಟ್ಟು, ಬಂಜೆಯಾದದ್ದು 1970ರ ದಶಕದಲ್ಲಿಯೇ ತಿಳಿದಿತ್ತು. ಆದರೆ ಅಲ್ಲಿ ಹುಳುವಿಗೆ ಬೆಳಕಿನಿಂದ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನಿಮ್ಮ ಹೊಲದ ಹತ್ತಿಗಿಡ ಎದೆಯೆತ್ತರ ಬೆಳೆದಿರುತ್ತದೆ, ಎಲೆಯ ಕೆಳಗೆಲ್ಲ ನೆರಳು. ಹುಳು ಬೆಳೆಯುವುದು ಕಾಯಿಯೊಳಗೆ, ಕೋಶವಾಗುವುದು ಹೆಚ್ಚಾಗಿ ನೆಲದ ಮೇಲಿನ ಕಸದಲ್ಲಿ. ಪಕ್ಕದ ಹೊಲದ ಕತ್ತಲಲ್ಲಿ ಕೂಡಿದ ಹೆಣ್ಣು ಹಾರಿಬಂದು ನಿಮ್ಮಲ್ಲಿ ಮೊಟ್ಟೆಯಿಡುವುದನ್ನು ಯಾವ ದೀಪವೂ ತಡೆಯುವುದಿಲ್ಲ. ಮೇಲಾಗಿ ಬೆಳಕು ಬೇರೆ ಹುಳುಗಳನ್ನು ಕರೆದು ತರುತ್ತದೆ, ರೈತನ ಪರವಾಗಿ ದುಡಿಯುವ ಪರಭಕ್ಷಕ ಕೀಟಗಳ ದಿನಚರಿಯನ್ನೂ ಕೆಡಿಸುತ್ತದೆ. ಅದೇ ಕಾರಣಕ್ಕೆ ಬೋರ್‌ವೆಲ್ ಶೆಡ್ಡಿನ ಬಲ್ಬಿನ ಹತ್ತಿರ ಮೋಹಕ ಬಲೆ ಕಟ್ಟಬೇಡಿ. ಅಲ್ಲಿ ಸಿಗುವ ಲೆಕ್ಕ ಹೊಲದ ನಿಜಸ್ಥಿತಿಯನ್ನು ಹೇಳುವುದಿಲ್ಲ.

ಹೊತ್ತಿನ ಈ ತಿಳಿವನ್ನು ಕೆಲಸಕ್ಕೆ ತರುವ ದಾರಿಗಳು ಬೇರೆ ಇವೆ. ಬಂಜೆ ಮಾಡಿದ ಕೀಟಗಳನ್ನು ಹೊಲಕ್ಕೆ ಬಿಟ್ಟು ಸಂತಾನ ಕುಗ್ಗಿಸುವ ವಿಧಾನದಲ್ಲಿ ಇದನ್ನು ಮರೆತರೆ ಶ್ರಮವೆಲ್ಲ ವ್ಯರ್ಥ. ಸೋರೆ, ಹಾಗಲಕ್ಕೆ ಬೀಳುವ ಕಾಯಿನೊಣವನ್ನು ಜಪಾನಿನಲ್ಲಿ ಬೇಗ ಬೆಳೆಯುವಂತೆ ಆರಿಸಿ ಸಾಕಿದಾಗ ಅದರ ದಿನವೂ ಚಿಕ್ಕದಾಗಿ, ಅದು ಮುಸ್ಸಂಜೆಯಲ್ಲಿ ಇತರ ನೊಣಗಳಿಗಿಂತ ಮುಂಚೆ ಕೂಡತೊಡಗಿತು. ಹೊಲದ ನೊಣ ಸಿದ್ಧವಾಗುವಷ್ಟರಲ್ಲಿ ಸಾಕಿದ್ದರ ಹೊತ್ತು ಮುಗಿದಿದ್ದರೆ ಬಿಟ್ಟೂ ಫಲವಿಲ್ಲ. ಬಂಜೆ ಪತಂಗ, ಬಿಟಿ ಹತ್ತಿ, ಲಿಂಗಾಕರ್ಷಕ (ಹೆಣ್ಣಿನ ವಾಸನೆಯ ಕೃತಕ ರೂಪ) ಇವನ್ನೆಲ್ಲ ಜೋಡಿಸಿ ಅಮೆರಿಕದ ಹತ್ತಿ ಪ್ರದೇಶದಿಂದ ಗುಲಾಬಿ ಹುಳುವನ್ನು ತೊಲಗಿಸಿರುವುದಾಗಿ 2018ರಲ್ಲಿ ಘೋಷಿಸಲಾಯಿತು.

ನಿಮ್ಮ ಮಟ್ಟಿಗೆ ಉಪಯೋಗವಾಗುವುದು ಬಲೆಯ ಲೆಕ್ಕ ಮತ್ತು ಲಿಂಗಾಕರ್ಷಕದ ಹಗ್ಗ. ಬಲೆಗೆ ಬೀಳುವುದು ಗಂಡು ಮಾತ್ರ, ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಆದುದರಿಂದ ಎಕರೆಗೆ ಎರಡು ಬಲೆ ಕಟ್ಟಿದ್ದು ಹುಳುವನ್ನು ಮುಗಿಸಲಿಕ್ಕಲ್ಲ, ಅದರ ಬರುವಿಕೆಯನ್ನು ಅರಿಯಲಿಕ್ಕೆ. ಪತಂಗದ ಓಡಾಟ ನಡುರಾತ್ರಿ ದಾಟಿದ ಮೇಲೆ ಎಂದ ಮೇಲೆ ರಾತ್ರಿ ನೋಡಿದ ಎಣಿಕೆಗೆ ಅರ್ಥವಿಲ್ಲ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಎಣಿಸಿ, ಬರೆದಿಟ್ಟು, ಬಿದ್ದವನ್ನು ತೆಗೆದುಹಾಕಿ. ಒಂದು ಬಲೆಗೆ ಒಂದು ರಾತ್ರಿಗೆ ಎಂಟರಂತೆ ಸತತ ಮೂರು ರಾತ್ರಿ ಬಿದ್ದರೆ ಔಷಧದ ವಿಚಾರ ಮಾಡಬೇಕಾದ ಮಟ್ಟ ಬಂದಿದೆ ಎಂದರ್ಥ. ಆಗ ಹಸಿರು ಕಾಯಿಗಳನ್ನು ಒಡೆದು ನೋಡಿ ಖಚಿತಪಡಿಸಿಕೊಳ್ಳಿ. ಹಗ್ಗದ ಕೆಲಸ ಬೇರೆ: ಅದು ಹೊಲದ ಗಾಳಿಯಲ್ಲೆಲ್ಲ ಹೆಣ್ಣಿನ ವಾಸನೆಯನ್ನು ತುಂಬಿ, ಗಂಡಿಗೆ ನಿಜವಾದ ಹೆಣ್ಣು ಎಲ್ಲಿದೆ ಎಂದು ತಿಳಿಯದಂತೆ ಮಾಡುತ್ತದೆ. ಅದನ್ನು ಮೊಗ್ಗು ಮೂಡುವ ಹೊತ್ತಿಗೇ ಕಟ್ಟಬೇಕು, ಅಕ್ಕಪಕ್ಕದ ಹೊಲದವರೂ ಸೇರಿ ಕಟ್ಟಬೇಕು. ಆರು ಎಕರೆಯಲ್ಲಿ ನೀವೊಬ್ಬರೇ ಕಟ್ಟಿದರೆ, ಆಚೆಯ ಬದುವಿನಲ್ಲಿ ರಾತ್ರಿ ಎರಡು ಗಂಟೆಗೆ ಕೂಡಿದ ಹೆಣ್ಣು ನಾಳೆ ಕತ್ತಲಾದ ಮೇಲೆ ನಿಮ್ಮ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಹಗ್ಗ ಕಟ್ಟಿದ ಹೊಲದಲ್ಲಿ ಬಲೆಯನ್ನು ತೆಗೆಯಬೇಡಿ. ಅಲ್ಲಿ ಬಲೆ ಖಾಲಿ ಇದ್ದರೆ ಹಗ್ಗ ಇನ್ನೂ ಕೆಲಸ ಮಾಡುತ್ತಿದೆ ಎಂದೂ, ಗಂಡುಗಳು ಬೀಳತೊಡಗಿದರೆ ವಾಸನೆ ಸೊರಗಿದೆ ಎಂದೂ ತಿಳಿಯುತ್ತದೆ.